ಅಡುಗೆಮನೆಯ ಕಿಂಡಿ, ಎರಡು ಬಟ್ಟಲು ಸೂಪು

ಬೆಳಗಿನ ಐದೂವರೆ. ಬೀದಿಗೆ ಇನ್ನೂ ಎಚ್ಚರವಾಗಿಲ್ಲ. ಏಳೇ ಮೇಜುಗಳ ಈ ಚೈನೀಸ್ ಹೋಟೆಲಿನ ಅಡುಗೆಮನೆಯಲ್ಲಿ ಮಾತ್ರ ಆಗಲೇ ದೀಪ ಉರಿಯುತ್ತಿದೆ. ಬೆಂದ ನೂಡಲ್ಸನ್ನು ಬಸಿದು, ಎಣ್ಣೆ ಸವರಿ, ಬಿಳಿ ಬಟ್ಟೆಯ ಮೇಲೆ ಹರಡುತ್ತಿದ್ದಾರೆ ಕಿಂಡಿ ಮಾವ. ಪಕ್ಕದಲ್ಲಿ ಅನ್ನ ಆರುತ್ತಿದೆ. "ಬಿಸಿ ಅನ್ನ ಬಾಣಲೆಗೆ ಹಾಕಿದ್ರೆ ಮುದ್ದೆಯಾಗುತ್ತೆ. ಫ್ರೈಡ್ ರೈಸ್ ಅಂದ್ರೆ ಕಾಳು ಕಾಳಾಗಿರ್ಬೇಕು" ಎನ್ನುತ್ತಾರೆ, ತಲೆಯೆತ್ತದೆ.

ಇಲ್ಲಿನ ಅಡುಗೆಯವರಿಗೆ ಈ ಹೆಸರಿಟ್ಟಿದ್ದು ಬೀದಿಯ ಮಕ್ಕಳು. ಒಲೆಯ ಎದುರಿನ ಗೋಡೆಯಲ್ಲಿ, ಮೇಜುಗಳೆಲ್ಲ ಕಾಣುವಂತೆ, ಗೇಣಗಲದ ಕಿಂಡಿಯಿದೆ. ಬಂದವರು ಕುರ್ಚಿ ಎಳೆಯುವಷ್ಟರಲ್ಲಿ ಮಾವ ಅದರಲ್ಲಿ ಇಣುಕಿ ಬಾಣಲೆ ಇಟ್ಟಾಗಿರುತ್ತದೆ. ಅವರಿಗೆ ಯಾರ ಹೆಸರೂ ಗೊತ್ತಿಲ್ಲ, ಯಾರಿಗೆ ಏನು ಬೇಕೆಂದು ಗೊತ್ತು. ಚಿಕ್ಕಂದಿನಲ್ಲಿ ಶನಿವಾರ ಮಧ್ಯಾಹ್ನ ಅಪ್ಪ ನನ್ನನ್ನು ಇಲ್ಲಿಗೆ ಕರೆತರುತ್ತಿದ್ದರು. ಆಗ ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹದಿನೆಂಟು ವರ್ಷದ ಮೇಲೆ ಮೊನ್ನೆ ಬಂದು ಕೂತರೆ, ಬಾಯಿ ಬಿಡುವ ಮೊದಲೇ ನೂಡಲ್ಸ್ ಬಂತು, ಈರುಳ್ಳಿಯಿಲ್ಲದೆ.

"ಈರುಳ್ಳಿ ಆರಿಸಿ ಆರಿಸಿ ಮೇಜಿನಂಚಿಗೆ ಸಾಲಾಗಿಡ್ತಿದ್ದೆ ನೀನು. ಒರೆಸೋರು ಯಾರು?" ಎಂದು ಗದರಿದರು. ಈಗ ನಾನು ಈರುಳ್ಳಿ ತಿನ್ನುತ್ತೇನೆ. ಹೇಳಲು ಮನಸ್ಸಾಗಲಿಲ್ಲ, ಅಪ್ಪನನ್ನು ನೆನೆಯುತ್ತಾ ತಟ್ಟೆ ಖಾಲಿ ಮಾಡಿದೆ.

ಮಾವ ಇಲ್ಲಿಗೆ ಬಂದದ್ದು ಪಾತ್ರೆ ತೊಳೆಯಲು. ಒಂದು ಮಧ್ಯಾಹ್ನ ಅಡುಗೆಯವನು ಜಗಳವಾಡಿ ಏಪ್ರನ್ ಬಿಸಾಕಿ ಹೋದ, ಇವರು ಸೌಟು ಹಿಡಿದರು. ಅದಕ್ಕೀಗ ಮೂವತ್ತೊಂದು ವರ್ಷ. ದಿನಕ್ಕೆ ಹನ್ನೆರಡು ಕೋಸು, ನೂರರ ಹತ್ತಿರ ತಟ್ಟೆ. ಕಬ್ಬಿಣದ ಬಾಣಲೆ ಎತ್ತಿ ಎತ್ತಿ ಎಡ ಮಣಿಕಟ್ಟು ಊದಿಕೊಂಡಿದೆ. ದಿನಾ ಪಟ್ಟಿ ಬಿಗಿದು ಕಳಿಸುವ ಹೆಂಡತಿಯ ದೂರೇ ಬೇರೆ: "ಮನೇಲಿ ಮಾತ್ರ ಇವ್ರಿಗೆ ಟೀ ಕಾಸೋಕೂ ಬರಲ್ಲ."

ಮುಂದಿನ ವಾರ ಕಿಂಡಿ ಮುಚ್ಚುತ್ತದೆ. ಹೋಟೆಲು ಹೊಸದಾಗುತ್ತಿದೆ, ಯಾರಿಗೇನು ಬೇಕೆಂಬುದು ಇನ್ನು ಯಂತ್ರದ ಚೀಟಿಯಲ್ಲಿ ಒಳಗೆ ಬರುತ್ತದೆ. ಗಾರೆಯವರು ಕಿಂಡಿಯ ಸುತ್ತ ಸೀಮೆಸುಣ್ಣದ ಗೆರೆ ಎಳೆದು ಹೋಗಿದ್ದಾರೆ. ಮಾಲೀಕರನ್ನು ದೂರುವಂತೆಯೂ ಇಲ್ಲ, ಕಿಂಡಿಯಿಂದ ನುಗ್ಗುವ ಒಗ್ಗರಣೆಯ ಹೊಗೆಗೆ ಗಿರಾಕಿಗಳು ಕೆಮ್ಮುವುದು ನಿಜ.

ಆದರೆ ಮಾವನಿಗೆ ಚಿಂತೆ ಟೀಚರಮ್ಮನದು. ಈ ನಿವೃತ್ತ ಟೀಚರಮ್ಮ ಮತ್ತು ಅವರ ಗಂಡ ವರ್ಷಗಟ್ಟಲೆ ಕಿಟಕಿ ಪಕ್ಕ ಕೂತು, ಒಂದೇ ಸೂಪನ್ನು ಎರಡು ಬಟ್ಟಲಲ್ಲಿ ಹಂಚಿಕೊಂಡವರು. ಗಂಡ ತೀರಿಕೊಂಡ ಮೇಲೆ ಅವರು ಮೊದಲ ಸಲ ಒಬ್ಬರೇ ಬಂದಾಗ, ಮಾವನ ಕೈ ರೂಢಿಯಂತೆ ಎರಡು ಬಟ್ಟಲು ತುಂಬಿ ಕಳಿಸಿಬಿಟ್ಟಿತು.

"ಜೀವ ಬಾಯಿಗೆ ಬಂತು. ಓಡಿ ಹೋಗಿ, ತೆಗೀತೀನಮ್ಮ, ತಪ್ಪಾಯ್ತು ಅಂದೆ. ಇರ್ಲಿ ಬಿಡಿ ಅಂದ್ರು. ಎದುರುಗಡೆ ಇಟ್ಕೊಂಡು, ಅದು ಆರೋವರೆಗೂ ಕೂತಿದ್ರು."

ಅಂದಿನಿಂದ ಇಬ್ಬರ ನಡುವೆ ಮಾತಿಲ್ಲದ ಒಪ್ಪಂದ. ಟೀಚರಮ್ಮ ಸುಮ್ಮನೆ ಬಂದು ಕೂತರೆ ಒಂದು ಬಟ್ಟಲು. ಎದುರಿನ ಕುರ್ಚಿಯನ್ನು ಚೂರು ಹಿಂದಕ್ಕೆಳೆದು ಕೂತರೆ ಎರಡು. ಅವರು ಕೇಳುವುದಿಲ್ಲ, ಇವರು ವಿಚಾರಿಸುವುದಿಲ್ಲ.

ಮಾಲೀಕರ ಹತ್ತಿರ ಏನಾದರೂ ಕೇಳಿಕೊಂಡಿರಾ ಎಂದೆ. ಮಾವ ಕೈ ಒರೆಸಿಕೊಂಡು ಸೀಮೆಸುಣ್ಣದ ಗೆರೆ ಮುಟ್ಟಿ ನೋಡಿದರು.

"ಚೀಟೀಲಿ ಸೂಪ್ ಒಂದು ಅಂತ ಬರುತ್ತೆ. ಕುರ್ಚಿ ಎಳೆದ್ರಾ ಇಲ್ವಾ ಅಂತ ಬರಲ್ವಲ್ಲ. ಒಂದೇ ಒಂದು ಇಟ್ಟಿಗೆ ಬಿಟ್ಟು ಕಟ್ಲಿ ಸಾಕು. ಒಂದು ಕಣ್ಣಲ್ಲಿ ನೋಡ್ಕೋತೀನಿ."