ಮೇಲಿನ ಮನೆಯ ಬಾಯಮ್ಮ ಯಹೂದಿಯಾದದ್ದು

ನನ್ನ ಅಳಿಯನಿಗೆ ಗಲ್ಫಿನ ಕನ್ನಡ ಸಂಘದಲ್ಲಿ ಒಂದು ಹುದ್ದೆ ಇತ್ತು. ಹುದ್ದೆ ಅಂದರೆ, ಊರಿನಿಂದ ಬಂದ ಕಲಾವಿದರನ್ನು ಏರ್‌ಪೋರ್ಟಿನಿಂದ ಕರೆತಂದು ಮನಾಮದ ಹೂರಾದಲ್ಲಿದ್ದ ನಮ್ಮ ಫ್ಲಾಟಿನ ಹಾಲಿನಲ್ಲಿ ಮಲಗಿಸುವುದು. ಹಾಡುವವರು ಮಲಗಿದ್ದಾರೆ, ವೇಷ ಹಾಕುವವರು ಮಲಗಿದ್ದಾರೆ, ಜಾದೂ ಮಾಡುವವನೊಬ್ಬ ತನ್ನ ಪಾರಿವಾಳದ ಸಮೇತ ಮಲಗಿದ್ದಾನೆ. ಕುವೈತ್ ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಒಬ್ಬ ಸಾಹಿತಿಯೂ ಒಬ್ಬ ಚಿತ್ರಕಾರನೂ ಒಟ್ಟಿಗೆ ಬಂದರು. ಇಬ್ಬರೂ ಘಟ್ಟದ ಮೇಲಿನವರು. ಸಾಹಿತಿಗೆ ಮಾತು ನಿಲ್ಲುತ್ತಿರಲಿಲ್ಲ, ಚಿತ್ರಕಾರನಿಗೆ ಮಾತು ಹೊರಡುತ್ತಿರಲಿಲ್ಲ. ಊಟ ಮಾತ್ರ ಇಬ್ಬರೂ ಚೆನ್ನಾಗಿಯೇ ಮಾಡುತ್ತಿದ್ದರು.

ಬಂದ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಸಾಹಿತಿಗಳು ಯಹೂದಿಗಳ ಚರಿತ್ರೆ ತೆಗೆದರು. ಅವರ ಗುಡಿ ಕೆಡವಿದ್ದು, ಅವರು ದೇಶದಿಂದ ದೇಶಕ್ಕೆ ಅಲೆದದ್ದು, ಹೋದಲ್ಲೆಲ್ಲ ಪುಸ್ತಕ ಹೊತ್ತುಕೊಂಡೇ ಹೋದದ್ದು, ಎಲ್ಲವನ್ನೂ ಮೀನು ಮುಗಿಯುವವರೆಗೆ ಹೇಳಿದರು. ಕೊನೆಗೆ, "ಈ ದೇಶದಲ್ಲೂ ಕೆಲವು ಮನೆ ಇವೆಯಂತಲ್ಲ. ಒಬ್ಬರನ್ನಾದರೂ ಮಾತಾಡಿಸಬೇಕು ನೋಡಿ" ಎಂದರು.

"ಅದಕ್ಕೆಂತ ಸರ್," ಎಂದ ಅಳಿಯ. "ನಮ್ಮ ಅತ್ತೆಯ ದೋಸ್ತಿಯೇ ಇದ್ದಾರೆ. ದಿನಾ ನಾಲ್ಕು ಗಂಟೆಗೆ ಚಾ ಕುಡೀಲಿಕ್ಕೆ ಬರ್ತಾರೆ."

ನಾನು ಅವನ ಮುಖ ನೋಡಿದೆ. ಅವನು ಮುಳ್ಳು ಬಿಡಿಸುತ್ತಿದ್ದ.

ಅವನು ಹೇಳಿದ್ದು ಸುಳ್ಳಲ್ಲ. ಮನಾಮದ ಪೇಟೆಯಲ್ಲಿ ದಾರ, ಗುಂಡಿ, ಲೇಸು ಮಾರುವ ಒಂದು ಸಣ್ಣ ಅಂಗಡಿ ಇತ್ತು. ಅಣ್ಣ ತಂಗಿ ಇಬ್ಬರೂ ಮುದುಕರು, ಇಬ್ಬರೂ ಸೇರಿ ನಡೆಸುತ್ತಿದ್ದರು. ರವಿಕೆಗೆ ಒಪ್ಪುವ ದಾರ ಹುಡುಕಿಕೊಂಡು ಹೋಗಿ ನನಗೆ ಆ ತಂಗಿಯ ಪರಿಚಯವಾದದ್ದು. ಚಿಕ್ಕಂದಿನಲ್ಲಿ ಮುಂಬಯಿಯಲ್ಲಿ ಬೆಳೆದವಳಾದ್ದರಿಂದ ಅವಳಿಗೆ ಹಿಂದಿಯೂ ಸ್ವಲ್ಪ ಇಂಗ್ಲಿಷೂ ಬರುತ್ತಿತ್ತು. ನನ್ನದು ಹರಕು ಹಿಂದಿ, ಸಾಕಾಗುತ್ತಿತ್ತು. ಮನೆ ನಮ್ಮ ಹಿಂದಿನ ಗಲ್ಲಿಯಲ್ಲೇ. ಶನಿವಾರ ಬಿಟ್ಟು ಬೇರೆ ದಿನವೆಲ್ಲ ನಾಲ್ಕಕ್ಕೆ ಬರುವಳು, ಚೀಲದಿಂದ ತನ್ನದೇ ಗಾಜಿನ ಲೋಟ ತೆಗೆದು ಮುಂದಿಡುವಳು. ಅದರಲ್ಲೇ ಕರಿ ಚಹಾ ಹಾಕಬೇಕು. ನಮ್ಮ ಮನೆಯದ್ದು ಬೇರೇನೂ ಮುಟ್ಟುವವಳಲ್ಲ. ನನಗೂ ಸೋಮವಾರ, ಏಕಾದಶಿ ಎಂದು ಇಂಥದ್ದೆಲ್ಲ ಇದ್ದದ್ದರಿಂದ ನಾನು ಕಾರಣ ಕೇಳಲಿಲ್ಲ. ಆ ಫ್ಲಾಟಿನಲ್ಲಿ ಇಡೀ ದಿನ ನನ್ನೊಡನೆ ಮಾತಾಡುವ ಜೀವ ಅದೊಂದೇ. ಮಗಳು ಆಫೀಸಿಗೆ ಹೋಗುವಳು, ಮೊಮ್ಮಕ್ಕಳು ಇಂಗ್ಲಿಷಿಗೆ ಹೋಗುವವು.

ಸಾಹಿತಿಗಳ ಯೋಜನೆ ನಾಲ್ಕು ಗಂಟೆಯೊಳಗೆ ಬೆಳೆಯಿತು. ಅವರು ಟೇಪ್ ರೆಕಾರ್ಡರಿನಲ್ಲಿ ಮಾತು ಹಿಡಿಯುವುದು, ಚಿತ್ರಕಾರ ಅವಳ ಚಿತ್ರ ಬರೆಯುವುದು, ಕಾರ್ಯಕ್ರಮದ ದಿನ ಅದನ್ನು ಸಂಘದ ಹಾಲಿನಲ್ಲಿ ತೂಗುಹಾಕುವುದು. ಅವಳು ಬಂದಾಗ ಬಾಗಿಲಲ್ಲೇ ನಿಲ್ಲಿಸಿ ವಿಷಯ ಹೇಳಿದೆ.

"ಬೇಡ," ಎಂದಳು. "ಅಂಗಡಿಗೆ ಜನ ದಾರಕ್ಕೆ ಬರುತ್ತಾರೆ. ನನ್ನನ್ನು ದಾರದವಳು ಎಂದು ನೋಡುತ್ತಾರೆ. ಬೇರೇನೋ ಎಂದು ನೋಡಲು ಶುರು ಮಾಡಿದರೆ ಆ ನೋಟ ನಿಲ್ಲುವುದಿಲ್ಲ ಬೆಹನ್. ನನ್ನ ಮುಖ ಗೋಡೆ ಹತ್ತಿದರೆ ನಾನು ನಿನ್ನ ಮೆಟ್ಟಿಲು ಹತ್ತುವುದಿಲ್ಲ."

ಇಷ್ಟು ಹೇಳಿ ಹೋದಳು. ಒಂದು ಮಾತು ಹೇಳಿದರೆ ಮಾಡುವವಳೇ. ಅಳಿಯನನ್ನು ಕರೆದು, ಇದಾಗುವುದಿಲ್ಲ ಎಂದೆ.

"ಅತ್ತೇ, ಮಾತು ಕೊಟ್ಟಾಗಿದೆ. ಕಮಿಟಿಗೂ ಹೇಳಿಯಾಗಿದೆ. ಈಗ ಯಹೂದಿ ಇಲ್ಲ ಅಂದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು?"

ಮರ್ಯಾದೆ ಅವನದ್ದು, ಯಹೂದಿಯನ್ನು ಹುಡುಕುವ ಕೆಲಸ ನನ್ನದು. ಮೇಲಿನ ಮಹಡಿಗೆ ಹತ್ತಿ ಹೋದೆ. ಅಲ್ಲಿ ನಮ್ಮ ಮಂಗಳೂರು ಕಡೆಯ ಕ್ರಿಶ್ಚಿಯನ್ ಬಾಯಮ್ಮ ಇದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟಾಯರಾದವಳು, ಮನೆಯಲ್ಲಿ ಕೊಂಕಣಿ, ಹೊರಗೆ ಇಂಗ್ಲಿಷ್. ಫ್ರಾಕ್ ಹಾಕಿ ತಲೆಗೆ ಬಟ್ಟೆ ಕಟ್ಟಿದರೆ ಯಾವ ದೇಶದವಳೆಂದು ಹೇಳಲಿಕ್ಕಾಗದು.

"ನಾನು ಯಹೂದಿ ಆಗ್ಬೇಕಾ? ನಿಮಗೆಂತ ಮಂಡೆ ಸಮ ಉಂಟಾ?" ಎಂದಳು. ಮತ್ತೆ ಸ್ವಲ್ಪ ಯೋಚಿಸಿದಳು. "ಯೇಸುವಿನ ತಾಯಿ ಯಹೂದಿಯೇ ಅಲ್ವಾ? ಹಾಗಾದ್ರೆ ಅರ್ಧ ಸುಳ್ಳು ಅಷ್ಟೆ. ಗೋಳಿಬಜೆ ಮಾಡ್ತೀರಾ?"

ಮಾಡುತ್ತೇನೆ ಎಂದೆ. ಹಿಂದಿನ ಗಲ್ಲಿಗೆ ಹೋಗಿ ಗೆಳತಿಗೂ ಇದನ್ನು ಹೇಳಿ, ನಾಳೆ ಬರಬೇಡ ಎಂದು ಬಂದೆ.

ಮರುದಿನ ಮೂರೂವರೆಗೆ ಬಾಯಮ್ಮ ಹೂವಿನ ಫ್ರಾಕ್ ಹಾಕಿ, ತಲೆಗೆ ಬಟ್ಟೆ ಕಟ್ಟಿ, ಪೌಡರು ಬಳಿದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಳು. ಸಾಹಿತಿಗಳು ಎದ್ದು ನಿಂತು ಕೈ ಮುಗಿದರು. ನನ್ನ ಕಿವಿಯಲ್ಲಿ, "ಅಮ್ಮಾ, ನೋಡೋಕೆ ಥೇಟ್ ನಮ್ಮವರ ಥರಾನೇ ಇದ್ದಾರಲ್ಲ!" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ಹಾಂ, ಅಷ್ಟು ದೇಶ ಅಲೆದರೆ ಹಾಗೇ ಆಗುತ್ತೆ ಬಿಡಿ" ಎಂದು ಅವರೇ ಉತ್ತರ ಹೇಳಿಕೊಂಡರು.

ಮಾತೆಲ್ಲ ಇಂಗ್ಲಿಷಿನಲ್ಲಿ ಶುರುವಾಯಿತು. ನನಗೆ ಅರ್ಧ ಅರ್ಥವಾಯಿತು, ಉಳಿದದ್ದು ಬಾಯಮ್ಮ ಆಮೇಲೆ ನಗುತ್ತಾ ಹೇಳಿದ್ದು. ಸರಿಯಾಗಿ ನಾಲ್ಕಕ್ಕೆ ಬೆಲ್ ಆಯಿತು. ಬಾಗಿಲು ತೆರೆದರೆ ನನ್ನ ಗೆಳತಿ, ಕೈಯಲ್ಲಿ ಚೀಲ.

"ಇವತ್ತು ಬರಬೇಡ ಅಂದಿದ್ದೆನಲ್ಲ!" ಎಂದೆ ಮೆಲ್ಲಗೆ.

"ನಾನು ಹೇಗಿದ್ದೇನೆಂದು ನೋಡಲು ಬಂದೆ," ಎಂದು ಒಳಗೆ ನಡೆದಳು.

ನೆರೆಮನೆಯ ಅರಬ್ ಹೆಂಗಸು ಎಂದು ಪರಿಚಯ ಮಾಡಿಸಿದೆ. ಅವಳು ಮೂಲೆಯ ಸ್ಟೂಲಿನಲ್ಲಿ ಕೂತು ಲೋಟ ತೆಗೆದಳು. ಸಾಹಿತಿಗಳು ಅವಳ ಕಡೆ ನೋಡಲೂ ಇಲ್ಲ. ಬಾಯಮ್ಮನನ್ನು, "ಶನಿವಾರ ನಿಮ್ಮಲ್ಲಿ ಬಹಳ ಪವಿತ್ರವಲ್ಲವೇ? ಏನು ಮಾಡುತ್ತೀರಿ?" ಎಂದು ಕೇಳಿದರು.

"ಬೆಡ್‌ಶೀಟ್ ಒಗೀತೇನೆ," ಎಂದಳು ಬಾಯಮ್ಮ.

ಮೂಲೆಯಿಂದ, "ಶನಿವಾರ ಒಗೆಯಬಾರದು. ಬೆಂಕಿಯನ್ನೂ ಹೊತ್ತಿಸಬಾರದು," ಎಂದು ಹಿಂದಿಯಲ್ಲಿ ಮಾತು ಬಂತು.

"ಮಾಜೀ, ದಯವಿಟ್ಟು," ಎಂದರು ಸಾಹಿತಿಗಳು. "ಇದು ಅವರ ಧರ್ಮ. ಅವರೇ ಹೇಳಲಿ."

ಗೆಳತಿ ಲೋಟದೊಳಗೆ ನೋಡುತ್ತಾ ಕೂತಳು. ಅವಳ ಭುಜ ಅಲುಗುತ್ತಿತ್ತು. ಇನ್ನೊಂದು ಮಾತಾಡಿದರೆ ಎಲ್ಲಾ ಮುಗಿಯಿತು ಎಂದು ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ. ಚಿತ್ರಕಾರ ಕಾಗದದಿಂದ ತಲೆಯೆತ್ತಿ, ಆ ದಿನದ ತನ್ನ ಒಂದೇ ಮಾತು ಆಡಿದ: "ಮುಖದಲ್ಲಿ ದುಃಖ ಬರ್ತಾ ಇಲ್ಲ."

ಬರುವುದಾದರೂ ಹೇಗೆ? ಫೋಟೋ ತೆಗೆಯುತ್ತಿದ್ದಾರೆ ಎಂಬ ಹಾಗೆ ಬಾಯಮ್ಮ ಹಲ್ಲು ಬಿಟ್ಟು ಕೂತಿದ್ದಳು. ಸಾಹಿತಿಗಳು ಮುಂದೆ ಬಾಗಿ, "ನಿಮ್ಮ ದೊಡ್ಡ ನೋವು ಯಾವುದು?" ಎಂದು ಮೆತ್ತಗೆ ಕೇಳಿದರು.

"ಈ ಬಿಲ್ಡಿಂಗಿನ ಲಿಫ್ಟ್," ಎಂದಳು. "ಕೆಟ್ಟು ಎಷ್ಟು ವರ್ಷವಾಯ್ತು, ಹತ್ತುವುದೇ ಹತ್ತುವುದು. ಯಾರೂ ಕೇಳುವವರಿಲ್ಲ."

ಸಾಹಿತಿಗಳು ಕಣ್ಣು ಮುಚ್ಚಿಕೊಂಡು, "ಹತ್ತುವುದೇ ಹತ್ತುವುದು..." ಎಂದು ಎರಡು ಸಲ ಹೇಳಿಕೊಂಡರು. ಬಾಯಮ್ಮ ನನ್ನ ಕಡೆ ತಿರುಗಿ ಕೊಂಕಣಿಯಲ್ಲಿ, ಒಲೆಯ ಮೇಲೆ ಅನ್ನ ಇಟ್ಟು ಬಂದಿದ್ದೇನೆ, ಈ ಜನ ಏಳುವುದು ಯಾವಾಗ ಎಂದಳು. ಸಾಹಿತಿಗಳು ಥಟ್ಟನೆ ಟೇಪ್ ಅವಳ ಬಾಯಿ ಹತ್ತಿರ ಹಿಡಿದು, "ಇದು ಪ್ರಾರ್ಥನೆಯೇ?" ಎಂದು ನನ್ನನ್ನು ಕೇಳಿದರು.

"ಹೌದು," ಎಂದೆ. ಇಬ್ಬರೂ ತಲೆ ಬಗ್ಗಿಸಿದರು.

ಅಲ್ಲಿಗೇ ಎದ್ದಿದ್ದರೆ ಆಗುತ್ತಿತ್ತು. ಆದರೆ ಕೊನೆಯ ಪ್ರಶ್ನೆ ಎಂದು, ಹಬ್ಬಕ್ಕೆ ಏನು ಅಡುಗೆ ಮಾಡುತ್ತೀರಿ ಎಂದು ಕೇಳಿದರು. ಬಾಯಮ್ಮನ ಬಾಯಲ್ಲಿ ಗೋಳಿಬಜೆ ಇತ್ತು, ಮನಸ್ಸು ಊರಿನಲ್ಲಿತ್ತು. "ಹಂದಿ ಮಾಂಸ," ಎಂದಳು. "ಹಬ್ಬಕ್ಕೆ ಅದಿಲ್ಲದೆ ಆಗ್ತದಾ?"

ಗೆಳತಿಗೆ ಚಹಾ ನೆತ್ತಿಗೇರಿತು. "ತೌಬಾ! ನಮ್ಮ..." ಎಂದು ಎದ್ದೇಬಿಟ್ಟಳು. ನಾನು ಅವಳ ಬೆನ್ನಿಗೆ ಎರಡು ಗುದ್ದಿದೆ. ಕೆಮ್ಮಿಗೆಂದು ಒಂದು, ಬಾಯಿ ಮುಚ್ಚಲೆಂದು ಒಂದು.

ಸಾಹಿತಿಗಳು ಬೆವರು ಒರೆಸಿಕೊಂಡು ಬಾಯಮ್ಮನನ್ನು ನೋಡಿದರು. "ಸ್ವಂತ ಸಂಪ್ರದಾಯದ ವಿರುದ್ಧ ಇಂಥ ದಂಗೆ! ಈ ವಯಸ್ಸಿನಲ್ಲಿ!" ಎಂದರು. ಗೆಳತಿಯ ಕಡೆ ತಿರುಗಿ, "ನಿಮಗೂ ಆಘಾತವಾಯಿತು ಅಲ್ಲವೇ ಮಾಜೀ, ಸಹಜ" ಎಂದು ಸಮಾಧಾನ ಹೇಳಿದರು.

ಕಾರ್ಯಕ್ರಮದ ದಿನ ಚಿತ್ರ ಹಾಲಿನ ಬಾಗಿಲ ಬಳಿಯೇ ತೂಗಾಡಿತು. "ನೆಲೆಯಿಲ್ಲದ ತಾಯಿ" ಎಂದು ಹೆಸರು. ದುಃಖವನ್ನು ಚಿತ್ರಕಾರ ತನ್ನ ಕೈಯಿಂದಲೇ ಹಾಕಿದ್ದ. ಕಣ್ಣಿನ ಕೆಳಗೆ ಎಷ್ಟು ಕಪ್ಪು ಬಳಿದಿದ್ದನೆಂದರೆ, ಬಾಯಮ್ಮ ನೋಡಿ, "ಇವಳಿಗೆ ಕಿಡ್ನಿ ತೊಂದರೆ ಉಂಟು" ಎಂದಳು. ಅವಳು ಆ ದಿನ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದಳು. ಸಾಹಿತಿಗಳು ತಾವೇ ಬಂದು ಮಾತಾಡಿಸಿದರು. "ನಮಸ್ಕಾರ ಅಮ್ಮಾ, ಮಂಗಳೂರು ಕಡೆಯವರಾ?"

"ಹೌದು, ಇಲ್ಲಿ ಹೂರಾದಲ್ಲಿರುವುದು," ಎಂದಳು.

"ಸಂತೋಷ, ಸಂತೋಷ," ಎಂದು ಮುಂದೆ ಹೋದರು.

ಗೆಳತಿ ಕಪ್ಪು ಅಬಾಯ ಹೊದ್ದು ಬಂದಿದ್ದಳು. ಅವಳನ್ನು ಕಂಡದ್ದೇ ಸಾಹಿತಿಗಳು ಚಿತ್ರದ ಮುಂದೆ ನಿಲ್ಲಿಸಿಕೊಂಡು, ಯಹೂದಿಗಳ ಚರಿತ್ರೆಯನ್ನು ಮೊದಲಿನಿಂದ ಹಿಂದಿಯಲ್ಲಿ ಹೇಳಿದರು. ಗುಡಿ ಕೆಡವಿದಲ್ಲಿಗೆ ಬಂದಾಗ ಕಣ್ಣೊರೆಸಿಕೊಂಡರು. ಅವಳು ತಲೆಯಾಡಿಸುತ್ತಾ ಎಲ್ಲಾ ಕೇಳಿದಳು. ಸುತ್ತ ಅಷ್ಟೊಂದು ಜನ ಗೋಡೆ ನೋಡುತ್ತಿದ್ದರು. ಅವಳನ್ನು ಯಾರೂ ನೋಡುತ್ತಿರಲಿಲ್ಲ.

ಹೊರಗೆ ಬಂದ ಮೇಲೆ, "ಪಾಪದ ಮನುಷ್ಯ," ಎಂದಳು. "ನಮಗಾಗಿ ನಮಗಿಂತ ಹೆಚ್ಚು ನೊಂದಿದ್ದಾನೆ. ಹೋಗುವವರೆಗೆ ಊಟ ಸರಿಯಾಗಿ ಹಾಕು."

ಮರುದಿನ ನಾಲ್ಕಕ್ಕೆ ಬೆಲ್ ಆಯಿತು. ಅವಳು ನೇರ ಕಿಟಕಿಯ ಪಕ್ಕಕ್ಕೆ ಹೋಗಿ ನಿಂತು, "ಇದು ಯಹೂದಿಯ ಕುರ್ಚಿ ಅಲ್ಲವಾ? ನಾನು ಕೂರಬಹುದಾ?" ಎಂದಳು.

"ಕೂತುಕೋ," ಎಂದೆ. "ಅವಳು ಮೇಲೆ ಹಂದಿ ಬೇಯಿಸ್ತಾ ಇದ್ದಾಳೆ."

ಅವಳು ಕೂತು ಲೋಟ ತೆಗೆದಳು.