ಕಣ್ವದ ಏರಿಯ ಮೇಲಿನ ಖುರ್ಷಿದಾ ಮೇಡಂ

ಮೀನನ್ನು ಬಲ್ಲವರು ನಮ್ಮ ಇಲಾಖೆಯಲ್ಲಿ ಬಹಳ ಮಂದಿ ಆಗಿಹೋಗಿದ್ದಾರೆ; ಮರಿಗಳ ಬಿತ್ತನೆಯಲ್ಲಿ ಹೆಸರು ಮಾಡಿದವರಿದ್ದಾರೆ, ಬಲೆಗಳ ವಿಚಾರದಲ್ಲಿ ಪುಸ್ತಕ ಬರೆದವರೂ ಇದ್ದಾರೆ. ಆದರೆ ಬೆಳಗಿನ ನೀರಿನ ಮುಂದೆ ನಿಂತು, ಇಂದು ಇದರೊಳಗೆ ಮನುಷ್ಯ ಇಳಿಯಬಹುದೇ, ಹರಿಗೋಲು ಹೋಗಬಹುದೇ, ಬಲೆ ಬಿಡಬಹುದೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಹೊಣೆಯನ್ನು ಬದುಕಿನುದ್ದಕ್ಕೂ ಹೊತ್ತವರು ವಿರಳ. ಅಂಥವರಲ್ಲಿ ಒಬ್ಬರಾದ ಖುರ್ಷಿದಾ ಅವರು ಮೂರು ದಶಕ ಮೀರಿದ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ತಮ್ಮ ಬಗ್ಗೆ ಯಾರೂ ಬರೆಯಬಾರದೆಂಬುದು ಅವರ ಬಹುಕಾಲದ ಅಭಿಪ್ರಾಯವಾದ್ದರಿಂದ, ಈ ಲೇಖನವು ಅವರ ಮಾತನ್ನು ಮೀರಿಯೇ ಹುಟ್ಟಿದೆ.

ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಮಾಡುತ್ತಿದ್ದ ಸನಾವುಲ್ಲಾ ಸಾಹೇಬರ ಕಿರಿಯ ಮಗಳು ಖುರ್ಷಿದಾ. ಮೀನುಗಾರಿಕೆಯ ತರಬೇತಿ ಮುಗಿಸಿ, ಎಂಬತ್ತರ ದಶಕದ ನಡುವೆ ಕಣ್ವ ಜಲಾಶಯಕ್ಕೆ ಮೇಲ್ವಿಚಾರಕಿಯಾಗಿ ಬಂದಾಗ, ಹೆಣ್ಣುಮಗಳೊಬ್ಬಳು ಏರಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ಒಂಟಿಯಾಗಿರುವುದೆಂದರೇನು ಎಂದು ಬಂಧುಗಳು ನೊಂದುಕೊಂಡರು. ಅವರಿಗೆ ತಿಳಿಯದ ಸಂಗತಿ ಇನ್ನೊಂದಿತ್ತು: ಆಕೆಗೆ ಈಜು ಬರುತ್ತಿರಲಿಲ್ಲ.

ಕಲಿಸಿದವರು ಬೋರಮ್ಮ. ಗಂಡ ಕೆಂಪಯ್ಯನೊಡನೆ ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದ ಆ ಹೆಂಗಸು ಮೊದಲ ವಾರವೇ ಬಂದು, “ನೀರ್ಗೆ ಇಳೀದೋರ್ ಮಾತ ನೀರಿನೋರು ಕೇಳಾಕಿಲ್ಲ ಕಣವ್ವ. ಬಾ, ಕಲುಸ್ತೀನಿ” ಎಂದರು. ಒಣಗಿದ ಸೋರೆಬುರುಡೆಗಳನ್ನು ಸೊಂಟಕ್ಕೆ ಕಟ್ಟಿ, ಗಂಡಸರು ಬರದ ಬಂಡೆಯ ಮರೆಯಲ್ಲಿ ಕೈಕಾಲು ಆಡಿಸುವುದನ್ನು ಕಲಿಸಿದರು. ಅಲ್ಲಿಂದ ಮುಂದೆ ಖುರ್ಷಿದಾ ಅವರಿಗೆ ಬೋರಕ್ಕನ ಮನೆಯ ಮುದ್ದೆ, ಬೋರಕ್ಕನಿಗೆ ಚನ್ನಪಟ್ಟಣದಿಂದ ಬರುವ ಹಬ್ಬದ ಶೀರ್ ಖುರ್ಮಾ ಪಾಯಸ; ಆ ಏರಿಯ ಮೇಲೆ ಅವರಿಗಿದ್ದ ಬಳಗವೆಂದರೆ ಅಷ್ಟೇ.

ದನಗಳು ಒಂದು ದಡ ಬಿಟ್ಟು ಸುತ್ತುಹಾಕಿ ಇನ್ನೊಂದು ದಡದಲ್ಲಿ ನೀರು ಕುಡಿದರೆ ಪಾಚಿ ಕೆಟ್ಟಿದೆಯೆಂದು, ಮೋಡ ಮುಚ್ಚಿದ ದಿನಗಳ ಬೆನ್ನಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದರೆ ನೀರಿನಲ್ಲಿ ಉಸಿರು ಸಾಲದೆಂದು, ಹೊಸನೀರು ಬಂದಾಗ ದಡದ ಮುಳ್ಳುಗಿಡಗಳು ಒಳಗೇ ಮುಳುಗಿ ಕಾಲಿಗೆ ಕಾದಿರುತ್ತವೆಂದು ಅವರು ಹಂತಹಂತವಾಗಿ ಅರಿತರು. ಭಾನುವಾರಗಳಲ್ಲಿ ಈಜಲು ಬರುವ ಕಾಲೇಜು ಹುಡುಗರನ್ನು ತಡೆದು, ನಿಶ್ಚಲವಾಗಿ ಕಾಣುವ ನೀರಿನಲ್ಲಿ ದಡದಿಂದ ತುಸು ಆಚೆಗೇ ಉದ್ದನೆಯ ಬಿದಿರು ಇಳಿಬಿಟ್ಟು, ಅದಕ್ಕೂ ನೆಲ ಸಿಗದಿರುವುದನ್ನು ತೋರಿಸಿ, ಮುಖ ಊದಿಸಿಕೊಂಡ ಅವರಿಗೆಲ್ಲ ತಮ್ಮ ಅಡುಗೆಮನೆಯಿಂದಲೇ ಟೀ ಕಾಸಿ ಕೊಟ್ಟು ಕಳಿಸುತ್ತಿದ್ದರು. ಬೈದುಕೊಂಡು ಹೋದವರೇ ಹೆಚ್ಚು. ಆಗದೆಹೋದ ಅನಾಹುತಕ್ಕೆ ಯಾರು ತಾನೆ ಕೃತಜ್ಞರಾದಾರು?

ತೊಂಬತ್ತೊಂದರ ಬೇಸಗೆಯ ಒಂದು ಬೆಳಗ್ಗೆ ಕೆಂಪಯ್ಯ ಹುಟ್ಟು ಹೆಗಲಿಗಿಟ್ಟು ಬಂದು, ವಾಡಿಕೆಯಂತೆ, “ಹೆಂಗವ್ವ ನೀರು?” ಎಂದು ಕೇಳಿದ. ಗಾಳಿಯಿಲ್ಲ, ಮೋಡವಿಲ್ಲ, ನೀರು ಒರೆಸಿಟ್ಟಂತಿತ್ತು. “ಚೆನ್ನಾಗಿದೆ ಅಣ್ಣ, ಹೋಗ್ಬನ್ನಿ” ಎಂದರು ಖುರ್ಷಿದಾ. ಬಲೆ ಎತ್ತುವ ಹೊತ್ತಿಗೆ ಗುಡ್ಡದ ಆಚೆಯಿಂದ ಎದ್ದ ಬಿರುಗಾಳಿ ಹಿನ್ನೀರಿನ ಮೇಲೆ ಬಿದ್ದಿತು. ಅವರು ಏರಿಯ ಮೇಲಿಂದ ಕೂಗುತ್ತಲೇ ನೀರಿಗೆ ಧುಮುಕಿದರು; ಅಲೆ ಅವರನ್ನು ಮತ್ತೆ ಮತ್ತೆ ಕಲ್ಲುಕಟ್ಟಡಕ್ಕೇ ತಂದು ಅಪ್ಪಳಿಸಿತು. ಹರಿಗೋಲು ಮಗುಚಿ ದಡಕ್ಕೆ ಬಂತು. ಕೆಂಪಯ್ಯ ಸಿಕ್ಕಿದ್ದು ಮರುದಿನ, ಜಾಲಿಯ ಬೊಡ್ಡೆಗಳ ನಡುವೆ, ತನ್ನದೇ ಬಲೆಯಲ್ಲಿ.

ಆ ಗಾಳಿಯನ್ನು ಯಾರೂ ಊಹಿಸುವಂತಿರಲಿಲ್ಲವೆಂದು ವಿಚಾರಣೆಗೆ ಬಂದವರು ಹೇಳಿದರು, ಊರಿನವರೂ ಹೇಳಿದರು. ಬೋರಮ್ಮ ಮಾತ್ರ ಏನನ್ನೂ ಹೇಳಲಿಲ್ಲ. ಬೈಯಲಿಲ್ಲ, ಅಳಲಿಲ್ಲ, ಮತ್ತೆ ಕ್ವಾರ್ಟರ್ಸಿನ ಬಾಗಿಲಿಗೂ ಬರಲಿಲ್ಲ. ಏರಿಯ ಮೇಲೆ ಎದುರಾದರೆ ಸೆರಗು ಹೊದ್ದು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಖುರ್ಷಿದಾ ಅವರು ಒಮ್ಮೆ ಮನೆಗೇ ಹೋದಾಗ ಕುಡಿಯಲು ನೀರು ಕೊಟ್ಟು, ಗೋಡೆ ನೋಡುತ್ತ ಕುಳಿತಿದ್ದರು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಅಂದಿನಿಂದ ಖುರ್ಷಿದಾ ಅವರ ಬಾಯಲ್ಲಿ ‘ಹೋಗಿ’ ಎಂಬ ಮಾತು ನಿಂತುಹೋಯಿತು. ನೀರು ಸರಿಯಿಲ್ಲದ ದಿನ ಖಂಡಿತವಾಗಿ ಬೇಡವೆನ್ನುವರು. ನೀರು ಚೆನ್ನಾಗಿದ್ದ ದಿನ ಸುಮ್ಮನೆ ಒಳಗೆ ಹೋಗಿಬಿಡುವರು, ಆ ಮೌನವನ್ನೇ ಮೀನುಗಾರರು ಒಪ್ಪಿಗೆಯೆಂದು ತಿಳಿದರು. ಮದುವೆಗೆಂದು ಬಂದ ಎರಡು ಸಂಬಂಧಗಳನ್ನು ಅವರು ನಿರಾಕರಿಸಿದರು. ಸಂಗಮಕ್ಕೆ ವರ್ಗವಾಗಿ, ಅರ್ಕಾವತಿಯ ಕೆಂಪುನೀರು ಕಾವೇರಿಗೆ ಕೂಡುವ ಕಡೆ ಹರಿಗೋಲುಗಳನ್ನು ನಿಲ್ಲಿಸುತ್ತ, ಪ್ರವಾಸಿಗರಿಂದ ಬೈಸಿಕೊಳ್ಳುತ್ತ ವರ್ಷಗಳನ್ನು ಕಳೆದರು. ಸಾತನೂರಿನಲ್ಲಿ ಹಿಡಿದ ಬಾಡಿಗೆಮನೆಗೆ ಸಂಜೆಯ ಬಸ್ಸಿನಲ್ಲಿ ಮರಳಿದರೆ, ಬೆಳಗಿನವರೆಗೆ ಮಾತಾಡಿಸುವವರಿಲ್ಲ. ಸಹೋದ್ಯೋಗಿಗಳಾದ ನಾವು ಅವರನ್ನು ಗೌರವಿಸಿದೆವು. ಆದರೆ ಗೌರವ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ.

ಮತ್ತೆ ಕಣ್ವಕ್ಕೆ ಅಧಿಕಾರಿಯಾಗಿ ಬಂದ ವರ್ಷ, ಮಳೆಗಾಲ ಮುಗಿದ ಒಂದು ಬೆಳಗ್ಗೆ, ಬಾಗಿಲಿಗೆ ಬೋರಮ್ಮ ಬಂದರು. ಕೂದಲು ನೆರೆತಿತ್ತು. ಕೈಯಲ್ಲಿ ಹುಟ್ಟು ಇತ್ತು. ಗಂಡ ಸತ್ತ ಮೇಲೆ ನೀರು ಮುಟ್ಟದೆ ಹಿಪ್ಪುನೇರಳೆ ಸೊಪ್ಪು ಬಿಡಿಸುವ ಕೂಲಿಗೆ ಹೋಗುತ್ತಿದ್ದ ಆಕೆ, ತಂಗಿಯ ಪಾಲಿನ ಹರಿಗೋಲನ್ನು ತಾನೇ ನಡೆಸಲು ಹೊರಟಿದ್ದರು.

“ಕುರ್ಷಿದಮ್ಮ, ಬಲೆ ಬುಡಾಕೆ ಹೊಂಟಿವ್ನಿ. ನೀರು ಹೆಂಗೈತೆ, ಹೇಳು.”

ಖುರ್ಷಿದಾ ಅವರು ಎರಡು ಹೆಜ್ಜೆ ಹಿಂದೆ ಸರಿದರು. “ಬೋರಕ್ಕ, ನನ್ನ ಕೇಳ್ಬೇಡಿ.”

“ಇನ್ಯಾರ್ನ ಕೇಳ್ಲಿ? ಆವತ್ತೂ ನಿಂಗೆ ಕಂಡಿದ್ನೆ ನೀ ಯೋಳ್ದೆ. ಗಾಳಿ ನಿನ್ ಮಾತ ಕೇಳಿ ಬಂದಿತ್ತಾ?”

“ಮತ್ತೆ ಇಷ್ಟು ವರ್ಷ ನೀವು ಒಂದು ಮಾತೂ ಆಡ್ಲಿಲ್ಲ.”

ಬೋರಮ್ಮ ಹುಟ್ಟನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕುಳಿತರು. “ನಿನ್ ಮಕ ನೋಡುದ್ರೆ ಅವ್ನು ಬಂದು ಹೆಂಗೆ ನೀರು ಅಂತ ಕೇಳ್ತಿದ್ದದ್ದೇ ಕಿವಿಗೆ ಬೀಳೋದು ಕಣವ್ವ. ತಡಕಳಾಕೆ ಆಗ್ತಿರ್ನಿಲ್ಲ. ಈಗ ಒಸಿ ಆಯ್ತದೆ.”

ಖುರ್ಷಿದಾ ಏರಿ ಹತ್ತಿ ಬಹಳ ಹೊತ್ತು ನೀರಿನ ಕಡೆ ನೋಡಿದರು, ಗುಡ್ಡದ ನೆತ್ತಿ ನೋಡಿದರು, ಗಾಳಿಗೆ ಕೈಯೊಡ್ಡಿದರು. ಬಳಿಕ, “ಹೋಗ್ಬಹುದು. ಬಿಸಿಲೇರೋಕೆ ಮುಂಚೆ ಬಂದ್ಬಿಡಿ” ಎಂದರು. ಬೋರಮ್ಮ ಹೊರಟರು. ಮರಳಿ ಬರುವವರೆಗೂ ಖುರ್ಷಿದಾ ಏರಿಯಿಂದ ಕದಲಲಿಲ್ಲ, ತಿಂಡಿಯಿಲ್ಲ, ನೆರಳಿಲ್ಲ. ಹರಿಗೋಲು ದಡ ಮುಟ್ಟಿದಾಗ ಅವರು ಅಳುತ್ತಿದ್ದುದನ್ನು ಕಂಡವರು, ಏನೋ ಅನಾಹುತವಾಯಿತೆಂದು ಓಡಿಬಂದಿದ್ದರು.

ಹೋದ ಚಳಿಗಾಲದಲ್ಲಿ ಬೋರಮ್ಮ ಹಾಸಿಗೆಯ ಮೇಲೇ, ನಿದ್ದೆಯಲ್ಲಿ ತೀರಿಕೊಂಡರು. ಹೀಗಾಗಿ ಖುರ್ಷಿದಾ ಅವರ ನಿವೃತ್ತಿಯ ದಿನಗಳು ಒಂಟಿತನದಿಂದಲೇ ಆರಂಭವಾಗುತ್ತಿವೆ. ಅದನ್ನು ನಾವು ಸಿಹಿಮಾತಿನಿಂದ ಮುಚ್ಚಲಾರೆವು. ಆದರೂ ಮರಳವಾಡಿಯಿಂದಲೋ ಮಾಗಡಿಯಿಂದಲೋ ಫೋನು ಬರುತ್ತದೆ: ಕೆರೆ ತುಂಬಿದೆ, ಮಕ್ಕಳಿಗೆ ಈಜು ಕಲಿಸಬಹುದೇ ಎಂದು. ನೋಡದೆ ಹೇಳಲಾಗದೆಂದು ಅವರು ಬಸ್ಸು ಹತ್ತುತ್ತಾರೆ. ಅವರ ಕಣ್ಣು ಮಬ್ಬಾಗದಿರಲಿ, ಕಾಲು ಸೋಲದಿರಲಿ, ನೂರ್ಕಾಲ ಈ ಕೆರೆದಂಡೆಗಳಲ್ಲಿ ಅವರು ನಡೆದಾಡಲಿ. ಅವರು ಇಳಿಯುವ ಪ್ರತಿ ಊರಿನಲ್ಲಿಯೂ, ನೀರಿನ ಸಮಾಚಾರ ಕೇಳಿದ ಮೇಲೆ, ಊಟಕ್ಕೆ ಕೂರಿಸುವ ಮನೆಯೊಂದಿರಲಿ.