ಸುಣ್ಣದ ಗೆರೆ

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಆಗ ನಾನು ಹಿರಿಯೂರಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಧರ್ಮಪುರದ ರಸ್ತೆ ಪಕ್ಕದ ಕುರುಚಲು ಬಯಲಿನಲ್ಲಿ ಯಾರೋ ಗೋದಾಮು ಕಟ್ಟುವವರಿದ್ದರು. ಅದಕ್ಕೆ ಮೊದಲು ಅಲ್ಲಿ ಹಾವು, ಉಡ ಏನೇನಿವೆ, ಅವನ್ನು ಉಳಿಸುವುದು ಹೇಗೆ ಎಂದು ನೋಡಿ ಬರೆದುಕೊಡಲು ಅರಣ್ಯ ಕಚೇರಿಯ ಸ್ನೇಹಿತರೊಬ್ಬರು ಕೇಳಿದರು. ಜಂಬದಿಂದ ಒಪ್ಪಿಕೊಂಡೆ.

ಹಾವು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಬಯಲಿನಲ್ಲಿ ಗೊತ್ತಿರಲಿಲ್ಲ. ಅಲ್ಲಿ ಕುರಿ ಮೇಯಿಸುವ ಅಜ್ಜ ಒಬ್ಬರು ಜೊತೆಗೆ ಬಂದರು. ಹೆಜ್ಜೆ ಹೆಜ್ಜೆಗೂ ನಾನು ಕಾಲ ಬುಡ ನೋಡಿಕೊಳ್ಳುತ್ತಿದ್ದರೆ ಅವರಿಗೆ ನಗು.

"ಹಿಂದ್ ಹಿಂದೇ ಬರ್ರಿ ಮೇಷ್ಟ್ರೇ. ನಿಮ್ಮನ್ ನೋಡಿ ಹಾವೇ ಹೆದರ್ಕಂಡೈತೆ."

ಐದು ದಿನಗಳಲ್ಲಿ ಅವರು ಏಳು ಹುತ್ತ ತೋರಿಸಿದರು. ಆರರಲ್ಲಿ ಹಾವು. ಏಳನೆಯದರಲ್ಲಿ ಉಡ ಮೊಟ್ಟೆಯಿಟ್ಟು ಮಣ್ಣು ಮುಚ್ಚಿ ಹೋಗಿತ್ತು. ಮಳೆ ಬಿದ್ದರೆ ಮರಿ ಹೊರಬರುತ್ತವೆ ಎಂದರು. ಯಾರ ಗುದ್ದಲಿಯೂ ತಾಗದಿರಲೆಂದು ಒಂದೊಂದು ಹುತ್ತದ ಸುತ್ತಲೂ ನಾನೇ ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ. ಏಳನೆಯದಕ್ಕೆ ಬರುವಷ್ಟರಲ್ಲಿ ಸುಣ್ಣ ಮುಗಿಯಿತು. ನಾಳೆ ತಂದರಾಯಿತು ಎಂದುಕೊಂಡೆ.

ಮರುದಿನ ಪರೀಕ್ಷೆಯ ಕೆಲಸ ಬಿತ್ತು, ಅದರ ಮರುದಿನವೂ. ಅಷ್ಟರಲ್ಲಿ ಕೂಲಿಯವರು ಬಂದಿಳಿದ ಸುದ್ದಿ. ಗೆರೆಯಿಲ್ಲದ ಆ ಹುತ್ತ ನೆನಪಾಗಿ ಊಟ ಸೇರಲಿಲ್ಲ. ಮೂರನೆಯ ದಿನ ಸುಣ್ಣದ ಚೀಲ ತೊಡೆಯ ಮೇಲಿಟ್ಟುಕೊಂಡು ಮೊದಲ ಬಸ್ಸಿಗೆ ಹೊರಟೆ.

ಆರು ಹುತ್ತಗಳನ್ನೂ ಅಗೆದು ಹಾಕಿದ್ದರು, ನನ್ನ ಗೆರೆಯೊಳಗೇ, ಅಚ್ಚುಕಟ್ಟಾಗಿ. ಪಕ್ಕದಲ್ಲಿ ಕೇರೆಹಾವೊಂದು ನಡು ತುಂಡಾಗಿ ಬಿದ್ದಿತ್ತು. ಮೇಸ್ತ್ರಿಯ ಮೇಲೆ ಕೂಗಾಡಿದೆ. ಆತ ಟವೆಲಿನಲ್ಲಿ ಮುಖ ಒರೆಸಿಕೊಂಡ.

"ಅಗೆಯೋ ಕಡೀಗೇ ಅಲ್ವೇನ್ರಿ ಸಾರ್ ಸುಣ್ಣ ಹಾಕಾದು? ಹುತ್ತ ಮುಟ್ಟಾಕೆ ನಮ್ಮೋರು ಹೆದರ್ತಿದ್ರು. ಸಾಹೇಬ್ರೇ ಗುರ್ತು ಹಾಕ್ಯಾರೆ, ಅಗೀರಿ ಅಂತ ನಾನೇ ಧೈರ್ಯ ಹೇಳ್ದೆ."

ಮನೆ ಕಟ್ಟುವಾಗ ಪಾಯಕ್ಕೆ ಸುಣ್ಣದ ಗೆರೆ ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ತಲೆಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಏಳನೆಯದು ಉಳಿದಿತ್ತು, ನಾನು ಗೆರೆ ಎಳೆಯದಿದ್ದುದಕ್ಕೇ. ಆದರೆ ಸಂಜೆಯೊಳಗೆ ಅಲ್ಲಿಯೂ ನೆಲ ಮಟ್ಟ ಮಾಡುತ್ತೇವೆ ಎಂದ ಮೇಸ್ತ್ರಿ. ಒಳಗೆ ಮೊಟ್ಟೆಯಿದೆ ಎನ್ನಲು ಭಯ. ಉಡದ ಮಾಂಸವೆಂದರೆ ಬಾಯಿಬಿಡುವವರು ಅಲ್ಲಿಯೂ ಇದ್ದರು. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದರು.

"ಅರಿಶಿನ ಕುಂಕುಮ ಹಚ್ರಿ. ಮನೇಲಿ ಐತೆ, ತರ್ತೀನಿ. ಆಮ್ಯಾಕೆ ಯಾರೂ ಮುಟ್ಟಲ್ಲ."

ಹುತ್ತಕ್ಕೆ ಹಾಲೆರೆಯುವವರನ್ನು ತರಗತಿಯಲ್ಲಿ ವರ್ಷ ವರ್ಷವೂ ಗೇಲಿ ಮಾಡಿದವನು ನಾನು. ಅವತ್ತು ಚಪ್ಪಲಿ ಬಿಟ್ಟು, ಎಲ್ಲರೆದುರು ಹುತ್ತಕ್ಕೆ ಅರಿಶಿನ ಬಳಿದು ಕುಂಕುಮ ಇಟ್ಟೆ. ಕೈ ಮುಗಿದು ತಿರುಗಿ ನೋಡಿದರೆ ಮೇಸ್ತ್ರಿಯೂ ಚಪ್ಪಲಿ ಬಿಟ್ಟು ನಿಂತಿದ್ದ. ಕೂಲಿಯವರು ಗುದ್ದಲಿ ಎತ್ತಿಕೊಂಡು ಬೇರೆ ಕಡೆ ಹೋದರು.

ಮೊದಲ ಮಳೆಯವರೆಗೂ ನನಗೆ ನೆಮ್ಮದಿಯಿರಲಿಲ್ಲ. ಮಳೆ ಬಿದ್ದ ಮರುದಿನ ಅಜ್ಜ ಹೇಳಿಕಳಿಸಿದರು. ಹೋದೆ. ಕುಂಕುಮದ ಪಕ್ಕದಲ್ಲೇ ಹೊಸ ತೂತು. ಬೆರಳ ತುದಿಯಷ್ಟು ತಲೆಯೊಂದು ಇಣುಕಿ ಒಳಗೆ ಸರಿಯಿತು. ಅಜ್ಜ ಸದ್ದಿಲ್ಲದೆ ನಕ್ಕರು. ನನಗೆ ನಗಲಾಗಲಿಲ್ಲ. ಆಚೆಯ ಆರು ಗುಂಡಿಗಳಲ್ಲಿ ನೀರು ನಿಂತಿತ್ತು, ಅಂಚಿನಲ್ಲಿ ನಾನು ಹಾಕಿದ ಸುಣ್ಣ ಇನ್ನೂ ಬೆಳ್ಳಗಿತ್ತು.